ಈರಣ್ಣ ಸುಳ್ಳು ಹೇಳಿರಲಿಲ್ಲ

ಈರಣ್ಣನವರೇ, ಆ ಬೆಳಿಗ್ಗೆ ನೀವು ನನಗೆ ನಿಜವನ್ನೇ ಹೇಳಿದ್ದಿರಿ. ಸುಳ್ಳು ಹೇಳಿದವಳು ನಾನು. ಅದೂ ಒಂದು ಸಲವಲ್ಲ — ಹನ್ನೊಂದು ವರ್ಷ, ಊರೂರು ತಿರುಗಿ, ಮೈಕ್ ಹಿಡಿದು ಹೇಳಿದೆ.

ನಾನು ಅರಿವಳಿಕೆ ಡಾಕ್ಟರ್. ನನ್ನ ರೋಗಿಗಳು ನಾಲ್ಕು ಮಾತಾಡುವಷ್ಟರಲ್ಲಿ ನಿದ್ದೆಗೆ ಜಾರುತ್ತಾರೆ. ಎಚ್ಚರವಾಗಿರುವ ಜನರಿಗೂ ಏನಾದರೂ ಹೇಳಬೇಕು ಎಂದು ಸಾರ್ವಜನಿಕ ಆರೋಗ್ಯದ ಹುಚ್ಚು ಹತ್ತಿಸಿಕೊಂಡೆ. ಬೆಳಿಗ್ಗೆ ತಿಪಟೂರಿನಲ್ಲಿ ಆಪರೇಷನ್ ಥಿಯೇಟರ್, ಮಧ್ಯಾಹ್ನ ಹಳ್ಳಿಗಳಲ್ಲಿ ಆರೋಗ್ಯ ಶಿಬಿರ. ಎರಡನ್ನೂ ಒಬ್ಬಳೇ ತೂಗಿಸುತ್ತೇನೆ ಎಂಬ ಜಂಬ ಬೇರೆ. ಹೊಗಳುವವರಿಗೇನೂ ಕಡಿಮೆಯಿರಲಿಲ್ಲ.

ನೀವು ಹಂದನಕೆರೆ ಕಡೆಯಿಂದ ಹರ್ನಿಯಾ ಆಪರೇಷನ್‌ಗೆ ಬಂದಿದ್ದಿರಿ. ದಿನಾ ತೆಂಗಿನ ಮರ ಹತ್ತಿ ಕಾಯಿ ಕೀಳುವ ಗಟ್ಟಿ ಆಳು. ಟೇಬಲ್ ಮೇಲೆ ಮಲಗಿದ ನಿಮ್ಮನ್ನು, ಸರ್ಜನ್ ಒಳಗೆ ಬರುವ ಮೊದಲು, ಬೆಳಿಗ್ಗೆ ಏನಾದರೂ ತಿಂದಿದ್ದೀರಾ ಎಂದು ಕೇಳಿದೆ.

"ಏನೂ ಇಲ್ಲ ಕಣಮ್ಮ. ಬರೋವಾಗ ಒಂದ್ ಎಳ್ನೀರ್ ಕುಡ್ದೆ, ಒಳಗಿನ್ ಗಂಜಿ ಕೆರ್ಕಂಡ್ ತಿಂದೆ, ಅಷ್ಟೇಯ."

ನಮ್ಮ ಕಡೆ ಎಳನೀರನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ನಾನೂ ತುರುವೇಕೆರೆಯ ತೋಟದ ಮನೆಯಲ್ಲೇ ಬೆಳೆದವಳು, ನನಗದು ಗೊತ್ತಿತ್ತು. ಗಂಜಿ, ಅಂದರೆ ಒಳಗಿನ ಎಳೆ ತಿರುಳು, ಹೊಟ್ಟೆಯಲ್ಲಿದ್ದರೆ ಅದು ಊಟವೇ, ಆಪರೇಷನ್ ಸಂಜೆಗೆ ಮುಂದೂಡಬೇಕು — ಅದೂ ಗೊತ್ತಿತ್ತು. ಆದರೆ ಮಧ್ಯಾಹ್ನ ಕಂದಿಕೆರೆಯಲ್ಲಿ ನನ್ನ ಭಾಷಣವಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದರೆ ಏನಾಗುತ್ತದೆ ಎಂದುಕೊಂಡು, "ಆಯ್ತು ಬಿಡಿ" ಎಂದೆ.

ಇಂಜೆಕ್ಷನ್ ಸರಿಯಾಗಿ ಹಿಡಿಯಲಿಲ್ಲ. ಅರ್ಧದಲ್ಲಿ ನೀವು ನೋವೆಂದು ನರಳಿದಿರಿ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಯಿತು. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯಿತು. ತುಮಕೂರಿನಲ್ಲಿ ಹದಿನೈದು ದಿನ ಯಂತ್ರ ನಿಮಗೆ ಉಸಿರು ಕೊಟ್ಟಿತು. ಬದುಕಿ ಬಂದಿರಿ. ಆದರೆ ಮತ್ತೆ ಮರ ಹತ್ತಲಿಲ್ಲ.

ಏನು ತಿಂದಿದ್ದರು ಎಂದು ಸರ್ಜನ್ ಕೇಳಿದಾಗ, ನನಗೇನೂ ಹೇಳಲಿಲ್ಲ ಎಂದೆ. ಕೇಸ್ ಶೀಟಿನಲ್ಲೂ ಹಾಗೇ ಬರೆದೆ. ಬಾಗಿಲಲ್ಲಿ ನಿಂತಿದ್ದ ನಿಮ್ಮ ಹೆಂಡತಿ ಗೌರಮ್ಮನವರಿಗೂ ಅದನ್ನೇ ಹೇಳಿದೆ. ಅವರು ನಿಮ್ಮನ್ನು ಬೈದುಕೊಂಡು ಅತ್ತರು. ನಾನು ಅವರ ಹೆಗಲು ಸವರಿದೆ — ನೋಡಿ, ಅಷ್ಟು ದೂರ ಹೋದೆ.

ಅಲ್ಲಿಗಾದರೂ ನಿಲ್ಲಿಸಬಹುದಿತ್ತು. ಶಿಬಿರಗಳಲ್ಲಿ ನಿಮ್ಮ ಕಥೆ ಹೇಳತೊಡಗಿದೆ. ಹಂದನಕೆರೆ ಕಡೆಯ ಕಾಯಿ ಕೀಳುವವರೊಬ್ಬರು ಡಾಕ್ಟರ ಹತ್ತಿರ ಮುಚ್ಚಿಟ್ಟು ಎಂಥ ಪಾಡು ಪಟ್ಟರು ಎಂದು. ಹೆಸರು ಹೇಳುತ್ತಿರಲಿಲ್ಲ, ನಮ್ಮ ಕಡೆ ಅಷ್ಟು ಹೇಳಿದರೆ ಹೆಸರೇ ಬೇಡ. ಕಥೆ ಜನರಿಗೆ ನಾಟಿತು. ಗುಟುಕು ನೀರು ಕುಡಿದಿದ್ದರೂ ರೋಗಿಗಳು ತಾವಾಗಿಯೇ ಹೇಳತೊಡಗಿದರು. ಎಷ್ಟೋ ಜನರ ಜೀವ ಉಳಿದಿರಬೇಕು. ಅದನ್ನೇ ನನ್ನ ಪ್ರಾಯಶ್ಚಿತ್ತವೆಂದು... ಇಲ್ಲ, ಆ ಮಾತು ಬೇಡ.

ಹೋದ ತಿಂಗಳು ನಿಮ್ಮೂರಿನ ಡೇರಿ ಮುಂದೆ ಅದೇ ಕಥೆ ಹೇಳಿದೆ. ಜನ ಹಿಂದಿನ ಸಾಲಿನತ್ತ ತಿರುಗಿ ನಕ್ಕರು. ಅಲ್ಲಿ ನೀವಿದ್ದಿರಿ. ಇಳಿದುಹೋಗಿದ್ದ ಮೈ, ನನಗೆ ಗುರುತೇ ಸಿಕ್ಕಿರಲಿಲ್ಲ. ಸಭೆ ಮುಗಿದ ಮೇಲೆ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡು ನನ್ನ ಹತ್ತಿರ ಬಂದಿರಿ. ಬೈಯುತ್ತೀರಿ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಾನ್ ನಿಮ್ಗೆ ಹೇಳಿದ್ದೆ ಅಂತ್ಲೇ ಅನ್ಕಂಡಿದ್ದೆ ಕಣಮ್ಮ. ಮನೇಲೂ ಯಾರೂ ನಂಬ್ಲಿಲ್ಲ. ಓದಿದೋರು, ನೀವೇ ಇಷ್ಟ್ ವರ್ಷದಿಂದ ಹಿಂಗಂತೀರಾ ಅಂದ್ರೆ... ನಂಗೇ ಮರ್ತೋಗಿರ್ಬೇಕು, ಬುಡಿ."

ನಾನು ಹೌದೆಂಬಂತೆ ತಲೆಯಾಡಿಸಿ ಕಾರು ಹತ್ತಿದೆ. ನಿಮ್ಮ ಉಸಿರನ್ನು ಆವತ್ತೇ ಕೆಡಿಸಿದ್ದೆ. ನಿಮ್ಮ ನೆನಪನ್ನೂ ಕೆಡಿಸಿದ್ದೇನೆಂದು ನಿಮ್ಮ ಬಾಯಿಂದಲೇ ಕೇಳಿದ ಮೇಲೂ ತಲೆಯಾಡಿಸಿದೆನಲ್ಲ, ಅದಕ್ಕೆ ನನ್ನಲ್ಲಿ ಯಾವ ಸಮಜಾಯಿಷಿಯೂ ಇಲ್ಲ. ನಾಚಿಕೆಯಾಗುತ್ತದೆ, ಅಷ್ಟೇ.

ಕೇಸ್ ಶೀಟಿನಲ್ಲಿ ಬರೆದದ್ದು ಸುಳ್ಳೆಂದು ನಿನ್ನೆ ಆಸ್ಪತ್ರೆಗೆ ಬರೆದುಕೊಟ್ಟೆ. ಅವರು ಮಾಡುವುದನ್ನು ಮಾಡಲಿ. ಗುರುವಾರ ಮತ್ತೆ ನಿಮ್ಮೂರಿನ ಡೇರಿ ಮುಂದೆ ಸಭೆಯಿದೆ. ಆವತ್ತು ನಕ್ಕವರನ್ನೆಲ್ಲ ಕರೆಯಲು ಆಶಾ ಕಾರ್ಯಕರ್ತೆಗೆ ಹೇಳಿದ್ದೇನೆ. ಇನ್ನು ಮೇಲೆ ಜನ ನನ್ನ ಮಾತು ನಂಬದೆ ಹೋಗಬಹುದು. ಗೌರಮ್ಮನವರನ್ನೂ ಕರೆದುಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ನೀವು ಹೇಳಿದ್ದನ್ನು ನೀವು ಹೇಳಿದ ಹಾಗೇ ಮೈಕಿನಲ್ಲಿ ಹೇಳುತ್ತೇನೆ, ಆಮೇಲೆ ನಾನು ಅಂದದ್ದನ್ನೂ. ನಿಮಗೆ ಏನೂ ಮರೆತಿಲ್ಲ, ಈರಣ್ಣನವರೇ. ನೀವು ಹೇಳಿದ್ದಿರಿ. ನಾನು ಕೇಳಿಸಿಕೊಂಡಿದ್ದೆ.