ಕನ್ನಡಕ್ಕೊಂದು ಪಾಸ್‌ವರ್ಡ್

ಕಂಪ್ಯೂಟರಿಗೆ ವೈರಸ್ ತಂದದ್ದು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕತೆ ಕೇಳಿದವರೆಲ್ಲ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಾರೆ. ತಂದವರು ನಮ್ಮ ಆಫೀಸಿನ ಅಕೌಂಟೆಂಟ್, ಈಜಿಪ್ಟಿನವರು. ಲಾಟರಿ ಹೊಡೆದಿದೆ ಎಂದು ಯಾರೋ ಮೇಲ್ ಕಳಿಸಿದರು, ಇವರು ನಂಬಿ ತೆರೆದರು. ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರಿನಲ್ಲಿ ಒಂದೇ ಒಂದು ಬಿಲ್ಲೂ ತೆರೆಯಲಿಲ್ಲ. ಆ ಮನುಷ್ಯ ಮಾತ್ರ ಮಧ್ಯಾಹ್ನದವರೆಗೂ ಲಾಟರಿಯ ದುಡ್ಡಿಗೆ ಕಾಯುತ್ತಿದ್ದರು.

ಕುವೈತಿನ ಫಹಾಹೀಲ್‌ನಲ್ಲಿ ಪಂಪುಗಳ ಬಿಡಿಭಾಗ ಮಾರುವ ಕಂಪನಿ ಅದು. ನಾನು ಸೆಕ್ರೆಟರಿ. ಮಾಲೀಕರು ಕುವೈತಿ, ಎಲ್ಲರೂ ಅವರನ್ನು ಮುದೀರ್ ಎನ್ನುತ್ತಿದ್ದರು, ಅಂದರೆ ಮ್ಯಾನೇಜರ್. ನನ್ನ ವೀಸಾಕ್ಕೆ ಹೊಣೆಯಾದ ಕಫೀಲರೂ ಅವರೇ. ಸುಲೈಬಿಯಾದ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ನನ್ನ ಗಂಡನ ಸಂಬಳಕ್ಕೆ ಹೆಂಡತಿಯ ವೀಸಾ ಸಿಗುತ್ತಿರಲಿಲ್ಲ. ಹಾಗಾಗಿ ಗಂಡ ಹೆಂಡತಿ ಒಂದೇ ಸೂರಿನಡಿ ಇರಬೇಕಾದರೆ ನನ್ನ ಕೆಲಸ ಉಳಿಯಬೇಕು, ಆ ದೇಶದಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾಕ್ಕೆ ಮುದೀರರ ಸಹಿ ಬೀಳಬೇಕು. ಆ ತಿಂಗಳು ಇಕಾಮಾ ನವೀಕರಣದ ಕಾಗದ ಅವರ ಮೇಜಿನ ಮೇಲೆ ಸಹಿಗೆ ಕಾದಿತ್ತು.

ಆಫೀಸು ಮಧ್ಯಾಹ್ನ ಒಂದು ಗಂಟೆಗೆ ಮುಚ್ಚಿ ನಾಲ್ಕಕ್ಕೆ ತೆರೆಯುತ್ತಿತ್ತು. ಎಲ್ಲರೂ ಮನೆಗೆ ಹೋಗಿ ಉಂಡು ಮಲಗುತ್ತಿದ್ದರು. ನನ್ನ ಮನೆ ದೂರದ ಮೈದಾನ್ ಹವಲ್ಲಿಯಲ್ಲಿ. ಆ ಬಿಸಿಲಲ್ಲಿ ಹೋಗಿ ಬರುವವರು ಯಾರು? ಡಬ್ಬಿಯ ಊಟ ಮುಗಿಸಿ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹಾಸ್ಯ ನಾಟಕ ಬರೆಯುತ್ತಿದ್ದೆ. ಗೆಳತಿಯೊಬ್ಬಳು ಕೊಟ್ಟ ಸೀಡಿಯಿಂದ ಕನ್ನಡ ಟೈಪಿಂಗ್ ಹಾಕಿಕೊಂಡಿದ್ದೆ. ಇಂಗ್ಲಿಷಿನ ಕೀಲಿ ಒತ್ತಿದರೆ ಕನ್ನಡದ ಅಕ್ಷರ ಬೀಳುತ್ತಿತ್ತು.

ಆ ವರ್ಷದ ನಾಟಕಕ್ಕೆ ವಸ್ತು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಎದುರು ರಸ್ತೆಯಲ್ಲಿ ಮುದೀರರ ಚಿಕ್ಕಪ್ಪನ ಮಗನದೂ ಬಿಡಿಭಾಗದ್ದೇ ಅಂಗಡಿ. ನಾವು ಯಾವ ಕಂಪನಿಗೆ ಯಾವ ಬೆಲೆ ಬರೆದು ಕಳಿಸಿದರೂ ಆ ಪುಣ್ಯಾತ್ಮ ಸ್ವಲ್ಪ ಕಡಿಮೆ ಬರೆದು ಆರ್ಡರ್ ಹೊಡೆದುಕೊಳ್ಳುತ್ತಿದ್ದ. ಮುದೀರರು ಕೆಂಡವಾಗುತ್ತಿದ್ದರು, ಆಫೀಸಿನೊಳಗೆ ಕಳ್ಳನಿದ್ದಾನೆ ಎನ್ನುತ್ತಿದ್ದರು. ನಿಜ ಏನೆಂದರೆ, ಅವರೇ ದಿನವೂ ಅವನಿಗೆ ಫೋನ್ ಮಾಡಿ, ಗಾಜಿನ ಬಾಗಿಲು ಅದುರುವಂತೆ ಬೆಲೆ ಹೇಳಿ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಇದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಹೇಳಲು ಯಾರಿಗೆ ಗುಂಡಿಗೆ? ನಾನು ಅದನ್ನೇ ನಾಟಕ ಮಾಡಿದೆ.

ವೈರಸ್ ಗಲಾಟೆಯ ನಂತರ ಸೆಕ್ಯೂರಿಟಿ ಸಾಫ್ಟ್‌ವೇರ್ ಹಾಕಲು ಮಲಯಾಳಿ ಎಂಜಿನಿಯರ್ ಬಂದರು. ಟೈ ಕಟ್ಟಿಕೊಂಡು, ಆಪರೇಷನ್ನಿಗೆ ಬಂದ ಸರ್ಜನ್ನನ ಗಾಂಭೀರ್ಯದಲ್ಲಿದ್ದರು. ಕಾವಲು ಸಾಧಾರಣ ಇರಲೋ, ಮಧ್ಯಮ ಇರಲೋ, ಅತಿ ಬಿಗಿ ಇರಲೋ ಎಂದು ಕೇಳಿದರು. "ಅತಿ ಬಿಗಿ," ಎಂದರು ಮುದೀರ್. "ಸುಮ್ಮನೆ ದುಡ್ಡು ಕೊಟ್ಟಿದ್ದೇನಾ?"

ಅಲ್ಲಿಂದ ಶುರುವಾಯಿತು ಕರ್ಮ. ಆ ಸಾಫ್ಟ್‌ವೇರ್ ಯಾರನ್ನೂ ನಂಬುವ ಪೈಕಿಯಲ್ಲ. ಪ್ರಿಂಟರನ್ನು ನಂಬುತ್ತೀರಾ ಎಂದು ಕೇಳಿತು. ಫ್ಯಾಕ್ಸನ್ನು ನಂಬುತ್ತೀರಾ? ಮುದೀರರ ಇ-ಮೇಲನ್ನು ಅವರಿಗೇ ಕೊಡಲು ಒಪ್ಪಲಿಲ್ಲ. ಪ್ರತಿಯೊಂದಕ್ಕೂ ಅವರೇ ಬಂದು ಪಾಸ್‌ವರ್ಡ್ ಒತ್ತಬೇಕು, 'ಈ ಒಂದು ಸಲ' ಅಥವಾ 'ಯಾವಾಗಲೂ' ಎಂದು ಆರಿಸಬೇಕು. ಅವರು ಬೆರಳು ನೋಯುವಷ್ಟು 'ಯಾವಾಗಲೂ' ಒತ್ತುತ್ತ ನನ್ನ ಮೇಜಿಗೆ ಬಂದರು. ಪರದೆಯ ಮೇಲೆ ಕೆಂಪು ಪೆಟ್ಟಿಗೆ ಹಾರಿತು.

ಎಂಜಿನಿಯರ್ ಓದಿ ಟೈ ಸಡಿಲಿಸಿದರು. "ಸರ್, ಇದರಲ್ಲಿ ಗೂಢಚಾರ ಪ್ರೋಗ್ರಾಂ ಇದೆ. ಒತ್ತಿದ ಒಂದೊಂದು ಕೀಲಿಯನ್ನೂ ಕಂಪ್ಯೂಟರಿಗಿಂತ ಮೊದಲು ಅದೇ ಹಿಡಿದುಕೊಳ್ತದೆ." ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ, "ಚೇಚಿ, ಇದನ್ನು ಯಾರು ಕೊಟ್ಟದ್ದು?" ಎಂದರು. ಚೇಚಿ ಎಂದರೆ ಅವರ ಭಾಷೆಯಲ್ಲಿ ಅಕ್ಕ.

ಮುದೀರ್ ಎದುರು ರಸ್ತೆಯ ಅಂಗಡಿ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಗೂಢಚಾರನೂ ಇಲ್ಲ, ಎಂತದೂ ಇಲ್ಲ ಸರ್. ಅದು ನನ್ನ ಭಾಷೆ," ಎಂದೆ. ಆಫೀಸಿನಲ್ಲಿ ನಮ್ಮದೆಲ್ಲ ಹಿಂದಿ, ಇಂಗ್ಲಿಷ್, ಅರಬ್ಬಿ ಕಲಸಿದ ಮಾತು. ಈ ಕತೆಯಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. "ನಾನು ಒತ್ತಿದ್ದನ್ನು ಅದು ಹಿಡಿಯದಿದ್ದರೆ ನನ್ನ ಅಕ್ಷರ ಮಾಡುವುದು ಹೇಗೆ?"

"ಅರಬ್ಬಿ ಯಾರನ್ನೂ ಹಿಡಿಯದೆ ಬರುತ್ತದಲ್ಲ ಮದಾಮ್?" ಎಂದರು ಮುದೀರ್.

ಅವರು ಕುರ್ಚಿ ಎಳೆದು ಕುಳಿತರು. "ಇದರಲ್ಲಿ ಏನು ಬರೆದಿದ್ದೀ? ಓದು."

ತೆರೆದಿದ್ದ ಪುಟದಲ್ಲಿ ಧಣಿ ತನ್ನ ಸೋದರನಿಗೆ ಫೋನಿನಲ್ಲಿ ಬೆಲೆಯೆಲ್ಲ ಹೇಳಿ ಮುಗಿಸಿ, ನಂತರ ಗುಮಾಸ್ತೆಯನ್ನು ಕರೆದು "ಬಾಗಿಲು ಹಾಕು, ವ್ಯಾಪಾರದ ಗುಟ್ಟು ಹೊರಗೆ ಹೋಗುತ್ತದೆ" ಎನ್ನುತ್ತಾನೆ. ನಾನು ಗಂಟಲು ಸರಿಮಾಡಿಕೊಂಡು, "ಒಬ್ಬ ಧಣಿ. ಬಹಳ ಒಳ್ಳೆಯವನು," ಎಂದು ಅನುವಾದಿಸಿದೆ.

"ಇಷ್ಟುದ್ದ ಬರೆದದ್ದಕ್ಕೆ ಇಷ್ಟೇ ಅರ್ಥವಾ?" ಎಂದರು ಮುದೀರ್. "ಸುಳ್ಳುಗಾರರು ಯಾವಾಗಲೂ ಚುಟುಕಾಗಿ ಹೇಳುತ್ತಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಕಳ್ಳಿ ಎಂದರೆ ತಡೆದುಕೊಂಡೇನು, ಬರೆದದ್ದನ್ನು ಸುಳ್ಳು ಎಂದರೆ ಹೇಗೆ? ಮೊದಲ ಸಾಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಹೇಳಿದೆ. ಧಣಿಯ ದನಿ, ಹೊಟ್ಟೆ ತಟ್ಟಿಕೊಳ್ಳುವುದು, ಎಲ್ಲವನ್ನೂ ಮಾಡಿ ತೋರಿಸಿದೆ. ಅಕೌಂಟೆಂಟ್ ಮೇಜಿನ ಕೆಳಗೆ ಬೀಳದ ಪೆನ್ನು ಹುಡುಕಲು ಬಗ್ಗಿದರು.

ಮುಗಿದಾಗ ಮುದೀರರ ಮುಖದಲ್ಲಿ ಏನೂ ಇರಲಿಲ್ಲ. ಎದ್ದು ಬಂದು ಪಾಸ್‌ವರ್ಡ್ ಒತ್ತಿದರು. "ಯಾವಾಗಲೂ ಅಂತ ಹಾಕಲೇ ಸರ್?" ಎಂದರು ಎಂಜಿನಿಯರ್. "ಇಲ್ಲ. ಈ ಒಂದು ಸಲ," ಎಂದರು ಮುದೀರ್. "ಇಕಾಮಾದ ಕಾಗದ ಅಲ್ಲೇ ಇರಲಿ. ನೋಡೋಣ."

ಮನೆಗೆ ಬಂದು ಹೇಳಿದಾಗ ಗಂಡ ತಟ್ಟೆಯ ಮುಂದಿನಿಂದ ಎದ್ದೇಬಿಟ್ಟರು. ನಾಟಕದಲ್ಲಿ ಧಣಿಯ ಪಾತ್ರ ಅವರದ್ದೇ. "ನಿನಗೆ ಮಂಡೆ ಸರಿ ಉಂಟಾ ಮಾರಾಯ್ತಿ? ಮೊದಲು ಇಕಾಮಾ ಆಗ್ಲಿ. ನಾಟಕ ಬೇಡವೇ ಬೇಡ."

"ಈಗ ನಿಲ್ಲಿಸಿದ್ರೆ ನಾನೇ ಕಳ್ಳಿ ಅಂತ ಒಪ್ಪಿಕೊಂಡ ಹಾಗಾಗುದಿಲ್ವಾ?"

"ನೀನು ಊರಿಗೆ ಹೋದ್ರೆ ನಾನು ಇಲ್ಲಿ ಎಂತ ಮಾಡ್ಲಿ?" ಎಂದರು. ಆ ಮನುಷ್ಯ ಮದುವೆಯಾದಂದಿನಿಂದ ಆಡಿದ್ದರಲ್ಲಿ ಅತ್ಯಂತ ಪ್ರೀತಿಯ ಮಾತು ಅದು. ನನಗೆ ಅಳು ಬಂತು, ಹಠ ಮಾತ್ರ ಕಡಿಮೆಯಾಗಲಿಲ್ಲ.

ಮರುದಿನ ಒಂದು ಗಂಟೆಗೆ ಕನ್ನಡ ತೆರೆದೆ. ಕೆಂಪು ಪೆಟ್ಟಿಗೆ ಬಂತು. ಕಾರಿನ ಕೀ ಹಿಡಿದು ಊಟಕ್ಕೆ ಹೊರಟಿದ್ದ ಮುದೀರರನ್ನು ಕರೆದೆ. ಪಾಸ್‌ವರ್ಡ್ ಒತ್ತಿ, ನಿಂತೇ, "ನಿನ್ನೆ ಏನು ಬರೆದೆ?" ಎಂದರು. ತಪಾಸಣೆ ಎಂದುಕೊಂಡು ಹೇಳಿದೆ. ಎರಡನೆಯ ದೃಶ್ಯ: ಧಣಿಗೆ ಗುಮಾಸ್ತೆಯ ಮೇಲೆ ಅನುಮಾನ ಬಂದು ಅವಳ ಬುತ್ತಿಡಬ್ಬಿಯನ್ನೂ ತೆರೆದು ನೋಡುತ್ತಾನೆ, ಒಳಗೆ ಒಣಮೀನಿನ ಚಟ್ನಿ. ನಮ್ಮ ಒಣಮೀನಿನ ವಾಸನೆ ಎಂತದ್ದೆಂದು ವಿವರಿಸಬೇಕಾಯಿತು. ಅವರು ನಗಲಿಲ್ಲ. ತಲೆಯಾಡಿಸಿ ಹೋದರು.

ಅದರ ಮರುದಿನವೂ ಬಂದರು. ನಾಲ್ಕನೆಯದೋ ಐದನೆಯದೋ ದಿನ ಕುರ್ಚಿ ಎಳೆದುಕೊಂಡರು. ಆ ವಾರದ ಕೊನೆಗೆ ಕೀಯನ್ನು ನನ್ನ ಮೇಜಿನ ಮೇಲಿಟ್ಟರು. ಅವರ ಹೆಂಡತಿ ಫೋನ್ ಮೇಲೆ ಫೋನ್ ಮಾಡಿ ಅನ್ನ ಆರಿಹೋಯಿತು ಎನ್ನುತ್ತಿದ್ದರು. ಇವರು "ಕೆಲಸ, ಕೆಲಸ" ಎಂದು ಇಟ್ಟುಬಿಡುತ್ತಿದ್ದರು. ಒಮ್ಮೆ ಎದುರಂಗಡಿಯ ಸೋದರನ ಫೋನು ಬಂತು. ನನ್ನನ್ನೊಮ್ಮೆ ನೋಡಿದರು. ಹವಾಮಾನದ ಬಗ್ಗೆ ನಾಲ್ಕು ಮಾತಾಡಿ ಫೋನ್ ಇಟ್ಟರು. ಆ ವಾರದ ಆರ್ಡರ್ ನಮಗೇ ಬಂತು.

ಹೀಗೆ ಬರೆಯುವುದು ಎಂಥ ಪರದಾಟ ಗೊತ್ತೇ? ಮರುದಿನ ಒಂದು ಗಂಟೆಗೆ ಹೇಳಲು ಏನಾದರೂ ಇರಲೇಬೇಕು. ಮುದೀರ್ ಎಲ್ಲಿ ನಗುತ್ತಾರೆ, ಎಲ್ಲಿ ಗಡ್ಡ ಕೆರೆದುಕೊಳ್ಳುತ್ತಾರೆ ಎಂದು ನೋಡಿ ನೋಡಿ ತಿದ್ದುತ್ತಿದ್ದೆ. ಸಂಘದವರು ನನ್ನ ನಾಟಕಕ್ಕೆ ಚಪ್ಪಾಳೆ ಹೊಡೆದು ಬಿರಿಯಾನಿಗೆ ಓಡುವ ಜನ. ಇಷ್ಟು ಗಮನ ಕೊಟ್ಟು ಯಾರೂ ಕೇಳಿರಲಿಲ್ಲ.

ಇಕಾಮಾದ ಗಡುವು ಹತ್ತಿರ ಬಂತು, ನಾಟಕವೂ ಕೊನೆಗೆ ಬಂತು. ಆ ದಿನ ಮುದೀರ್ ಪಾಸ್‌ವರ್ಡ್ ಒತ್ತುವ ಮೊದಲೇ ಕೇಳಿದರು: "ಧಣಿ ಅವಳನ್ನು ಕೆಲಸದಿಂದ ತೆಗೆಯುತ್ತಾನಾ?"

"ಇನ್ನೂ ಬರೆದಿಲ್ಲ ಸರ್. ಅದು ಧಣಿಯ ಕೈಲಿದೆ," ಎಂದೆ.

ಮುದೀರ್ ಪರದೆ ನೋಡಿದರು. "ಅವನು ಕತ್ತೆ," ಎಂದರು. "ಆದರೆ ಅಷ್ಟು ದೊಡ್ಡ ಕತ್ತೆಯಲ್ಲ."

ಒಳಗೆ ಹೋಗಿ ಇಕಾಮಾದ ಕಾಗದಕ್ಕೆ ಸಹಿ ಹಾಕಿ ತಂದು ಕೊಟ್ಟರು. ಬಗ್ಗಿ 'ಯಾವಾಗಲೂ' ಒತ್ತಿದರು. "ಖಲಾಸ್ ಮದಾಮ್. ಇನ್ನು ನನ್ನನ್ನು ಕೇಳಬೇಡ," ಎಂದು ಕೀ ಎತ್ತಿಕೊಂಡು ಊಟಕ್ಕೆ ಹೋದರು. ಆ ಸಂಜೆ ನನ್ನ ಗಂಡ ಇಡೀ ಬಿಲ್ಡಿಂಗಿಗೆ ಜಿಲೇಬಿ ಹಂಚಿದರು.

ಮರುದಿನ ಒಂದು ಗಂಟೆಗೆ ಕನ್ನಡ ತೆರೆದೆ. ಪೆಟ್ಟಿಗೆ ಬರಲಿಲ್ಲ. ಮುದೀರ್ ಸಲಾಂ ಹೇಳಿ ಹಾದುಹೋದರು. ಕೊನೆಯ ದೃಶ್ಯ ಒಂದೇ ಬಾಕಿ. ನಾಲ್ಕು ಗಂಟೆಯವರೆಗೆ ಕೂತೆ, ಒಂದು ಸಾಲೂ ಹುಟ್ಟಲಿಲ್ಲ. ಅದರ ಮರುದಿನವೂ ಅಷ್ಟೆ. ಎದುರಿನ ಖಾಲಿ ಕುರ್ಚಿ ನೋಡಿದರೆ ಬೇಜಾರಾಗುತ್ತಿತ್ತು. ಮೂರನೆಯ ದಿನ ನಾಚಿಕೆ ಬಿಟ್ಟು ಎಂಜಿನಿಯರಿಗೆ ಫೋನ್ ಮಾಡಿದೆ. ಆ ಪ್ರೋಗ್ರಾಂ ಮೊದಲಿನ ಹಾಗೆ ಪ್ರತಿ ಸಲ ಪಾಸ್‌ವರ್ಡ್ ಕೇಳುವಂತೆ ಮಾಡಲು ಬರುತ್ತದಾ ಎಂದು ಕೇಳಿದೆ.

"ಚೇಚಿ, ನಿಮ್ಮ ಆಫೀಸಿನಲ್ಲಿ ಎಂತ ನಡೀತಾ ಉಂಟು?" ಎಂದರು ಎಂಜಿನಿಯರ್. "ಎಲ್ಲ ಕಡೆಯಿಂದ ಪಾಸ್‌ವರ್ಡ್ ಕೇಳುದನ್ನು ನಿಲ್ಲಿಸಿ ಅಂತ ಫೋನ್ ಬರ್ತದೆ. ನಿಮ್ಮ ಮುದೀರ್ ಇವತ್ತು ಬೆಳಿಗ್ಗೆ ಫೋನ್ ಮಾಡಿ ನೀವು ಹೇಳಿದ್ದನ್ನೇ ಹೇಳಿದ್ರು. ನಿಮ್ಮ ಒಂದು ಕಂಪ್ಯೂಟರಿಗೆ ಮಾತ್ರ, ಮಧ್ಯಾಹ್ನ ಒಂದು ಗಂಟೆಯ ನಂತರ ಮಾತ್ರ ಅಂತೆ."