ಮುಚ್ಚಿದೆ ಎಂದು ಸನ್ನೆ ಮಾಡಿದ ಮೈಕು

ಒಂದು ಮೈಕಿನೊಳಗೆ ಅದಕ್ಕೆ ಸಂಬಂಧವಿಲ್ಲದ ಸದ್ದು ನುಗ್ಗಿದರೆ ನಮ್ಮ ಕೆಲಸದಲ್ಲಿ ಅದನ್ನು ಲೀಕ್ ಎನ್ನುತ್ತೇವೆ. ಹಾಡುವವರ ದನಿ ಏರಿಸಲು ಹೋದರೆ ಪಕ್ಕದ ವಾದ್ಯವೂ ಜೊತೆಗೇ ಏರುತ್ತದೆ. ಹೊಸದುರ್ಗದಲ್ಲಿ ನಾನು ಮೈಕ್ ಸೆಟ್ಟಿನ ಅಂಗಡಿ ಇಟ್ಟಿದ್ದೇನೆ. ಮದುವೆ, ಸನ್ಮಾನ, ಭಾಷಣ, ಎಲ್ಲಕ್ಕೂ ಹೋಗುತ್ತೇನೆ. ಕಾರ್ಯಕ್ರಮ ಶುರುವಾಗುವ ಮೊದಲಿನ ಹೊತ್ತೆಲ್ಲ ಲೀಕ್ ಎಲ್ಲಿಂದ ಎಂದು ಹುಡುಕುವುದರಲ್ಲೇ ಹೋಗುತ್ತದೆ.

ಕಳೆದ ಚಳಿಗಾಲದಲ್ಲಿ ಇಲ್ಲಿನ ಒಂದು ಸಂಘದವರು ಧರ್ಮಪುರದ ಕಡೆಯ ಅಜ್ಜನೊಬ್ಬರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಕುರಿ ಕಾಯುತ್ತ ಕಲಿತ ದೇವರ ಪದಗಳನ್ನು ಹಾಡುವವರು. ಜೊತೆಯಲ್ಲಿ ಇಬ್ಬರು ಬಂದಿದ್ದರು: ಹಿಂದೆ ಕುಳಿತು ಸೊಲ್ಲು ತೆಗೆದುಕೊಳ್ಳುವ, ಎಂದರೆ ಅವರ ಸಾಲನ್ನು ಹಿಡಿದು ಮತ್ತೆ ಹಾಡುವ ಮಗಳು, ಉರುಮೆ ಎಂಬ ಚರ್ಮವಾದ್ಯ ಬಾರಿಸುವ ಅಳಿಯ. ನಾನು ಅಜ್ಜನ ಮುಂದೆ ಮೈಕ್ ನಿಲ್ಲಿಸುತ್ತಿದ್ದಾಗ ಅವರು ಅದನ್ನೇ ನೋಡುತ್ತ ಕೇಳಿದರು:

"ತಮ್ಮಾ, ನಾನು ಕೂಗಿದ್ರೆ ಗುಡ್ಡದ ಆಕಡಿಗಿರೋ ಕುರಿ ತಿರುಗ್ತಾವೆ. ನಿಮ್ಮೂರ ಜನಕ್ಕೆ ಇದು ಬೇಕೇನಪ್ಪ?"

"ನಮ್ಮೂರ ಜನ ಕುರಿಯಷ್ಟು ಸುಮ್ನೆ ಕೇಳಲ್ಲ ಅಜ್ಜ, ಮಾತಾಡ್ತಾ ಇರ್ತಾರೆ."

"ಹಂಗಾದ್ರೆ ಜೋರಾಗಿ ಇಡು."

ಮಗಳು ಹಿಂದಿನಿಂದ, "ಅಪ್ಪ, ಅವರ ಕೆಲಸ ಅವರು ಮಾಡ್ಲಿ, ಸುಮ್ಕಿರು," ಎಂದು ನಕ್ಕಳು. ನನಗೆ, "ಅಣ್ಣ, ಅವರಿಗೆ ಕಿವಿ ಮಂದ. ನನ್ನ ಸೊಲ್ಲು ಕೇಳ್ದಿದ್ರೆ ಪದ ತಪ್ತಾರೆ, ನೋಡ್ಕಳ್ರಿ," ಎಂದಳು.

ಅದಕ್ಕಾಗಿಯೇ ಹಾಡುವವರ ಕಾಲ ಬಳಿ ಅವರ ಕಡೆಗೇ ಮುಖ ಮಾಡಿದ ಸಣ್ಣದೊಂದು ಬಾಕ್ಸ್ ಇಡುತ್ತೇವೆ. ಮಾನಿಟರ್ ಎನ್ನುತ್ತೇವೆ. ಅದು ಹಾಡುವವರಿಗೆ ಮಾತ್ರ, ಸಭೆಗಲ್ಲ. ಮಗಳ ಮೈಕನ್ನು ಅದರೊಳಗೆ ಕೊಟ್ಟೆ. ಕೈ ಮೇಲೆತ್ತಿದರೆ ಜಾಸ್ತಿ, ಕೆಳಗಿಳಿಸಿದರೆ ಕಡಿಮೆ ಎಂದು ಅಜ್ಜನಿಗೂ ನನಗೂ ಒಪ್ಪಂದವಾಯಿತು. ಮಗಳು ಒಂದು ಸಾಲು ಹಾಡಿದಳು. ಅಜ್ಜ ಅಂಗೈ ಮೇಲೆ ಮಾಡಿ ಎತ್ತಿದರು. ಏರಿಸಿದೆ. ಮತ್ತೆ ಎತ್ತಿದರು. ಮತ್ತೆ ಏರಿಸಿದೆ. ಮಾನಿಟರಿನಲ್ಲಿ ಅವಳು ಉಸಿರು ಎಳೆದುಕೊಳ್ಳುವುದೂ ಕೇಳುವಷ್ಟಾದಾಗ ತಲೆಯಾಡಿಸಿದರು.

ತೊಂದರೆ ಉರುಮೆಯದಾಗಿತ್ತು. ಅಳಿಯ ಹೆಂಡತಿಯ ಮಗ್ಗುಲಲ್ಲೇ ಕುಳಿತಿದ್ದ. ಅವನು ಉರುಮೆಯ ಚರ್ಮದ ಮೇಲೆ ಕೋಲು ಎಳೆದಾಗಲೆಲ್ಲ ಆ ಸದ್ದು ಅವಳ ಮೈಕಿನಲ್ಲಿ ನುಗ್ಗಿ ದೊಡ್ಡ ಬಾಕ್ಸುಗಳಲ್ಲಿ ಗುಂಯ್‌ಗುಡುತ್ತಿತ್ತು. ಅವನನ್ನು ದೂರ ಕೂರಿಸೋಣವೆಂದರೆ, "ಅಕಿ ಮುಖ ನೋಡ್ದೆ ನನಗೆ ಬಾರಿಸಾಕ್ ಬರಲ್ಲ ಕಣ್ರಿ," ಎಂದ. ಮೈಕ್ ತಿರುಗಿಸಿದೆ, ಹತ್ತಿರಕ್ಕೆ ತಂದೆ, ತಗ್ಗು ದನಿಯನ್ನು ಕಡಿತ ಮಾಡಿದೆ. ಪೂರ್ತಿ ಹೋಗಲಿಲ್ಲ. ಕೊನೆಗೆ ಮಗಳಿಗೆ ಹೇಳಿದೆ: "ನಿಮ್ಮ ಸೊಲ್ಲು ಬಂದಾಗ ಮಾತ್ರ ಮೈಕ್ ತೆಗೀತೀನಿ. ಉಳಿದ ಹೊತ್ತು ಮುಚ್ಚಿರ್ತೀನಿ. ಮುಚ್ಚಿದಾಗ ಕೈ ಅಡ್ಡ ಮಾಡಿ ತೋರಿಸ್ತೀನಿ."

ಇಲ್ಲಿ ನಮ್ಮ ಅಂಗಡಿಯ ಒಂದು ರೂಢಿಯನ್ನು ಹೇಳಬೇಕು. ಎಲ್ಲ ಮೈಕುಗಳ ಸದ್ದು ಬಂದು ಸೇರುವ ಮಿಕ್ಸರಿನಲ್ಲಿ ಪ್ರತಿ ಮೈಕಿಗೂ ಮ್ಯೂಟ್ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಆ ಮೈಕು ಎಲ್ಲ ಕಡೆಯೂ ಸಾಯುತ್ತದೆ. ನಮ್ಮ ಹಳೆಯ ಮಿಕ್ಸರಿನಲ್ಲಿ ಅದನ್ನು ಒತ್ತಿದರೆ ಸಭೆಗೆಲ್ಲ ಕೇಳುವಂತೆ ಟಪ್ ಎನ್ನುತ್ತಿತ್ತು. ಹಾಗಾಗಿ ನಡೆಯುವ ಕಾರ್ಯಕ್ರಮದಲ್ಲಿ ಯಾರೂ ಮ್ಯೂಟ್ ಮುಟ್ಟುತ್ತಿರಲಿಲ್ಲ, ಆ ಮೈಕಿನ ಸದ್ದು ಏರಿಸಿ ಇಳಿಸುವ ಜಾರುಗುಂಡಿಯನ್ನೇ ಕೆಳಕ್ಕೆ ಎಳೆಯುತ್ತಿದ್ದೆವು. ಮಿಕ್ಸರ್ ಹೊಸದಾಯಿತು, ಕೈಯ ರೂಢಿ ಹಳೆಯದೇ ಉಳಿಯಿತು. ಜಾರುಗುಂಡಿ ಎಳೆದರೆ ದೊಡ್ಡ ಬಾಕ್ಸಿನಲ್ಲಿ ಸದ್ದು ನಿಲ್ಲುತ್ತದೆ. ಮಾನಿಟರಿಗೆ ಹೋಗುವ ದಾರಿ ಆ ಗುಂಡಿಗಿಂತ ಮೊದಲೇ ಕವಲೊಡೆದಿರುತ್ತದೆ, ಅಲ್ಲಿ ಸದ್ದು ಹೋಗುತ್ತಲೇ ಇರುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದದ್ದು ಆ ಹೊತ್ತಿಗೆ ಕೈಗೆ ಬರಲಿಲ್ಲ.

ಮಧ್ಯಾಹ್ನ ಶಾಲು ಹೊದಿಸಿ, ಹಾರ ಹಾಕಿ, ಮೈಕನ್ನು ಅಜ್ಜನಿಗೆ ಬಿಟ್ಟರು. ಅವರು ಪದ ಎತ್ತುವ ಮೊದಲು ದೇವರನ್ನು ಕರೆಯುತ್ತಾರೆ. ಉರುಮೆ ಇಲ್ಲ, ಸೊಲ್ಲು ಇಲ್ಲ, ಬರೀ ಅವರ ಕೊರಳು, ಹೊಲದ ಆ ತುದಿಯಲ್ಲಿರುವವರನ್ನು ಕೂಗಿದ ಹಾಗೆ. ನಾನು ಮಗಳ ಜಾರುಗುಂಡಿಯನ್ನು ಎಳೆದು ಅವಳ ಕಡೆ ಕೈ ಅಡ್ಡ ಮಾಡಿದೆ. ಅವಳು ಸರಿ ಎಂದು ತಲೆಯಾಡಿಸಿ ಗಂಡನ ಕಡೆ ಬಾಗಿದಳು.

ಅಜ್ಜನ ಎಡಗೈ ಮೊಣಕಾಲ ಮೇಲಿಂದ ಎದ್ದು, ಅಂಗೈ ಕೆಳಮುಖವಾಗಿ, ನಿಧಾನಕ್ಕೆ ಇಳಿಯಿತು. ಕಡಿಮೆ ಮಾಡು. ಏನನ್ನು ಕಡಿಮೆ ಮಾಡಬೇಕೆಂದು ತಿಳಿಯದೆ, ಮಾನಿಟರಿಗೆ ಏನು ಹೋಗುತ್ತಿದೆ ಎಂದು ನೋಡಲು ಹೆಡ್‌ಫೋನ್ ಹಾಕಿಕೊಂಡೆ. ಗಂಡನೊಡನೆ ಪಿಸುಗುಡುತ್ತಿದ್ದ ಮಗಳ ದನಿ ಕೇಳಿಸಿತು.

"...ಸೋಮವಾರ ಆಸ್ಪತ್ರೆಗೆ ಸೇರಿಸಾಣ. ಗಂಟ್ಲು ತೆಗೀತಾರೆ ಅಂತ ಈಗ್ಲೇ ಹೇಳಬ್ಯಾಡ. ಹಲ್ಲು ತೋರ್ಸಾಕೆ ಅಂತಾನೇ ತಿಳ್ಕಂಡಿರ್ಲಿ."

"ಹೇಳ್ದೆ ಹೆಂಗೆ ಕರ್ಕಂಡು ಹೋಗ್ತೀಯ? ಆಮ್ಯಾಲೆ ಮಾತೇ ಬರಲ್ಲಲ್ಲ."

"ಇವತ್ತೊಂದಿನ ಹಾಡ್ಲಿ ಬಿಡು. ನನ್ನ ಕೈಲಿ ಆಗಲ್ಲ, ನೀನೂ ಹೇಳಬ್ಯಾಡ."

ಮಾನಿಟರಿನ ತಿರುಪನ್ನು ಪೂರ್ತಿ ತಿರುಗಿಸಿ ಸೊನ್ನೆಗೆ ತಂದೆ. ಅಷ್ಟರಲ್ಲಿ ಮಾತು ಮುಗಿದಿತ್ತು. ಸಭೆಯಲ್ಲಿ ಯಾರಿಗೂ ಕೇಳಿರಲಿಲ್ಲ. ಕೇಳಿದ್ದು ನನಗೆ, ಮತ್ತೆ ಯಾರಿಗೆ ಕೇಳಬಾರದಿತ್ತೋ ಅವರಿಗೆ. ಅಜ್ಜ ಕಾಲ ಬಳಿಯ ಬಾಕ್ಸನ್ನು ಒಂದು ಕ್ಷಣ ನೋಡಿದರು. ಕೂಗು ಮಾತ್ರ ನಡುವೆ ತುಂಡಾಗಲಿಲ್ಲ. ಮುಗಿಸಿ, ಅಳಿಯನ ಕಡೆ ತಿರುಗಿ ಬಾರಿಸು ಎಂದು ತಲೆಯಾಡಿಸಿದರು. ಸೊಲ್ಲಿನ ಹೊತ್ತಿಗೆ ಮಗಳ ಜಾರುಗುಂಡಿಯನ್ನೂ ಮಾನಿಟರಿನ ತಿರುಪನ್ನೂ ಮತ್ತೆ ಏರಿಸಿದೆ.

ಒಂದು ಪದ ಎಂದು ಮಾತಾಗಿತ್ತು. ಅದು ಮುಗಿದ ಕೂಡಲೇ ಇನ್ನೊಂದಕ್ಕೆ ಹೋದರು, ಅದರಿಂದ ಮತ್ತೊಂದಕ್ಕೆ. ಸಂಘದವರೊಬ್ಬರು ನನ್ನ ಬಳಿ ಬಂದು, "ಊಟ ಆರೋಗ್ತೈತೆ, ಮೈಕ್ ಸ್ವಲ್ಪ ಇಳಿಸ್ರಿ, ಅಜ್ಜಂಗೆ ತಿಳೀತೈತೆ," ಎಂದರು. ನಾನು ಇಳಿಸಲಿಲ್ಲ. "ನೀವೇ ಹೇಳ್ರಿ," ಎಂದೆ. ಅವರೂ ಹೇಳಲಿಲ್ಲ. ಮಗಳು ಸೊಲ್ಲಿಗೆ ಸೊಲ್ಲು ಕೊಡುತ್ತ, ಖುಷಿಯಲ್ಲಿ ಗಂಡನ ಮುಖ ನೋಡುತ್ತಿದ್ದಳು, ನೋಡು ಹೇಗೆ ಹಾಡುತ್ತಿದ್ದಾರೆ ಎನ್ನುವಂತೆ.

ಎಲ್ಲ ಮುಗಿದು ನಾನು ವೈರು ಸುತ್ತುತ್ತಿದ್ದಾಗ ಅಜ್ಜ ಒಬ್ಬರೇ ಬಂದು ಬಾಕ್ಸಿನ ಮೇಲೆ ಕುಳಿತರು.

"ನಿನ್ನ ಡಬ್ಬಿ ಮಾತಾಡ್ತಪ್ಪ."

"ತಪ್ಪಾತು ಅಜ್ಜ. ಮುಚ್ಚೀನಿ ಅಂದ್ಕಂಡಿದ್ದೆ."

"ನೀನಲ್ಲದಿದ್ರೆ ಸೋಮವಾರ ಡಾಕ್ಟ್ರು ಹೇಳ್ತಿದ್ದ, ಬಿಡು." ಹೊದ್ದ ಶಾಲು ಸವರಿಕೊಂಡರು. "ಅವಳಿಗೆ ಹೇಳಬ್ಯಾಡ. ನನಗೆ ತಿಳಿದಿಲ್ಲ ಅಂದ್ಕಂಡೇ ಗಟ್ಟಿ ನಿಂತಾಳೆ. ಪದ ಹಿಡ್ಕಂಡಿದೀಯಾ?"

"ಹೂಂ, ರೆಕಾರ್ಡ್ ಆಗೈತೆ."

"ಅದನ್ನ ಅವಳಿಗೆ ಕೊಡು."

ಅಂಗಡಿಗೆ ಬಂದು ಕೇಳಿದಾಗ ಉಳಿದದ್ದು ಗೊತ್ತಾಯಿತು. ಮಾನಿಟರಿನಿಂದ ಹೊರಬಿದ್ದ ಪಿಸುಮಾತು ಅಜ್ಜನ ಮೈಕಿನೊಳಕ್ಕೂ ಹೋಗಿತ್ತು. ದೇವರನ್ನು ಕರೆಯುವ ಕೂಗಿನ ಕೆಳಗೆ, ಸಭೆಯ ಗದ್ದಲದಲ್ಲಿ ಯಾರಿಗೂ ತಿಳಿಯದಷ್ಟು ಸಣ್ಣದಾಗಿ, ಮಗಳ ಒಂದೊಂದು ಮಾತೂ ಇತ್ತು. ಉರುಮೆಯಾದರೆ ತಗ್ಗು ಸದ್ದು, ಕತ್ತರಿಸಿ ತೆಗೆಯಬಹುದು. ಕೂಗು, ಪಿಸುಮಾತು ಎರಡೂ ಮನುಷ್ಯರ ಕೊರಳು. ಒಂದನ್ನು ಒರೆಸಿದಷ್ಟೂ ಇನ್ನೊಂದು ಸವೆಯುತ್ತಿತ್ತು. ಅಜ್ಜನ ದನಿ ನೀರೊಳಗಿಂದ ಬಂದಂತಾದಾಗ ಬಿಟ್ಟೆ. ಆ ಕೂಗಿನ ಭಾಗವನ್ನೇ ತೆಗೆದು, ಪದದಿಂದ ಶುರುವಾಗುವಂತೆ ಪೆನ್‌ಡ್ರೈವಿಗೆ ಹಾಕಿದೆ. ಅವಳಿಗೆ ಹೇಳಬೇಡ ಎಂದ ಅಜ್ಜನ ಮಾತು ಉಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನನ್ನ ತಪ್ಪೂ ಮುಚ್ಚಿಹೋಗುತ್ತದೆ ಎಂಬುದು ಅದರ ಜೊತೆಯಲ್ಲೇ ಇತ್ತು. ಎರಡರಲ್ಲಿ ಯಾವುದು ದೊಡ್ಡದಾಗಿತ್ತೆಂದು ಈಗಲೂ ಬಿಡಿಸಿ ಹೇಳಲಾರೆ. ಪೂರ್ತಿ ಇದ್ದದ್ದು ನನ್ನ ಫೋನಿನಲ್ಲಿ ಉಳಿಯಿತು.

ಆಪರೇಷನ್ ಆಗಿ ಅಜ್ಜ ಮನೆಗೆ ಬಂದಿದ್ದಾರೆಂದು ತಿಳಿದ ಮೇಲೆ ಹಿರಿಯೂರಿಗೆ ಹೋಗಿ, ಅಲ್ಲಿಂದ ಧರ್ಮಪುರದ ಬಸ್ಸು ಹಿಡಿದೆ. ಅಜ್ಜ ಮನೆಯ ಮುಂದಿನ ಚಪ್ಪರದ ಕೆಳಗೆ ಕುಳಿತಿದ್ದರು, ಕೊರಳಿಗೆ ತೆಳುವಾದ ಬಿಳಿ ಬಟ್ಟೆ. ನನ್ನನ್ನು ನೋಡಿ ಮಂಚದ ಮೇಲೆ ಜಾಗ ಮಾಡಿದರು. ಅಳಿಯ ಶೇಂಗಾ ಹೊಲಕ್ಕೆ ಹೋಗಿದ್ದ. ಮಗಳು ನೀರು ತಂದುಕೊಟ್ಟು, "ಕೇಳ್ಸಣ್ಣ, ಕೇಳ್ಸು," ಎಂದು ಎದುರಿಗೆ ಕುಳಿತಳು. ಒಯ್ದಿದ್ದ ಸಣ್ಣ ಸ್ಪೀಕರಿಗೆ ಪೆನ್‌ಡ್ರೈವ್ ಹಾಕಿದೆ.

ಉರುಮೆ, ಆಮೇಲೆ ಅಜ್ಜ. ಎರಡು ಸಾಲು ಕೇಳುವಷ್ಟರಲ್ಲಿ ಅವಳ ಹುಬ್ಬು ಗಂಟಾಯಿತು.

"ಕರೆಯೋದು ಎಲ್ಲಣ್ಣ?"

"ಅದು... ಸರಿಯಾಗಿ ಬಂದಿಲ್ಲ."

"ದೇವ್ರನ್ನ ಕರೀದೆ ನಮ್ಮಪ್ಪ ಹೊಲದಾಗೂ ಪದ ಎತ್ತಿದವ್ರಲ್ಲ. ಇದನ್ನ ಮನ್ಯಾಗ ಹೆಂಗೆ ಹಾಕಾದು? ಹೆಂಗಿದ್ರೂ ಇರ್ಲಿ, ಕೊಡ್ರಿ. ನನಗೆ ಅದೇ ಬೇಕು."

ನಾನು ಅಜ್ಜನ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅಂಗೈ ಮೇಲೆ ಮಾಡಿ ಸ್ವಲ್ಪವೇ ಎತ್ತಿದರು.

ಫೋನನ್ನು ಸ್ಪೀಕರಿಗೆ ಜೋಡಿಸಿದೆ. ಕೂಗು ಬಂತು. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಪಿಸುಮಾತು ಶುರುವಾದಾಗ ಮೊದಲು ಯಾರದೋ ದನಿ ಎಂಬಂತೆ ತಲೆ ವಾಲಿಸಿದಳು. ಆಮೇಲೆ ಕಣ್ಣು ತೆರೆದಳು. ಗಂಟ್ಲು ಎಂಬ ಮಾತಿಗೆ ನನ್ನ ಮುಖ ನೋಡಿದಳು.

"ಮುಚ್ಚೀನಿ ಅಂತ ಕೈ ತೋರ್ಸಿದ್ರಲ್ಲಣ್ಣ."

"ತೋರ್ಸಿದ್ದೆ," ಎಂದೆ. "ಮುಚ್ಚಿರ್ಲಿಲ್ಲ. ಅವರ ಮುಂದಿನ ಬಾಕ್ಸಿನಾಗೆ ಬರ್ತಿತ್ತು."

ಅವಳು ಅಪ್ಪನ ಕಡೆ ತಿರುಗಿದಳು. "ಕೇಳಿತ್ತಾ ಅಪ್ಪ? ಕೇಳಿಸ್ಕಂಡೇ ಅಷ್ಟೊತ್ತು ಹಾಡಿದ್ಯಾ?"

ಅಜ್ಜ ಮೊದಲು ಅವಳ ಕಡೆಗೆ ಅಂಗೈ ಕೆಳಗೆ ಮಾಡಿ ಇಳಿಸಿದರು, ಅಳುವ ಮಗುವನ್ನು ಸುಮ್ಮನಿರಿಸುವ ಹಾಗೆ. ಆಮೇಲೆ ಅದೇ ಕೈಯನ್ನು ಮಗುಚಿ, ನನ್ನ ಕಡೆಗೆ ಎತ್ತಿದರು.

ಜಾಸ್ತಿ ಮಾಡಿದೆ. ಕೂಗು ಏರಿತು, ಅದರ ಕೆಳಗಿನ ಅವಳ ಮಾತೂ ಏರಿತು. ಅವರ ಕೈ ಇನ್ನೂ ಇಳಿದಿರಲಿಲ್ಲ.