ಒಣಗದ ಫ್ಲಾಸ್ಕು

ಜಲಜ ಕುಂದಾಪುರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್. ಬೈಂದೂರಿನ ಕಡಲ ಬದಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಗಾಜಿನ ಗುಣವನ್ನೆಲ್ಲ ಅವಳಿಗೆ ಕಲಿಸಿದವರು ಅಲ್ಲಿನ ಲೆಕ್ಚರರ್ ಚೇತನಾ ಮೇಡಂ. ಶಂಕುವಿನಂಥ ಫ್ಲಾಸ್ಕನ್ನು ಎಷ್ಟು ಅಲುಗಿಸಿದರೂ ದ್ರಾವಣ ಚೆಲ್ಲದು, ಹನಿಹನಿಯಾಗಿ ಬೆರೆಸಿ ನೋಡುವ ಟೈಟ್ರೇಶನ್ನಿಗೆ ಅದೇ ಬೇಕು. ಉದ್ದ ಕುತ್ತಿಗೆಯ, ಗೆರೆ ಎಳೆದ ಫ್ಲಾಸ್ಕು ಅಳತೆಗೆ. ಅದನ್ನು ಕಾಯಿಸಿದರೆ ಅಳತೆ ಕೆಡುತ್ತದೆ. ಉರುಟು ತಳದ್ದು ಕುದಿಸಲಿಕ್ಕೆ. ಶಾಖ ಸುತ್ತಲೂ ಒಂದೇ ಸಮ ಹರಡುತ್ತದೆ. ಆದರೆ ತಾನಾಗಿ ನಿಲ್ಲದು, ಅಡಿಗೆ ರಬ್ಬರ್ ಬಳೆ ಇಡಬೇಕು.

ಬೇಸಿಗೆ ರಜೆಯ ಒಂದು ಬೆಳಿಗ್ಗೆ ಅವಳು ಬೀಗ ತೆಗೆದಾಗ, ಹಿಂದಿನ ದಿನ ತೊಳೆದು ಕವುಚಿಟ್ಟಿದ್ದ ಉರುಟು ಫ್ಲಾಸ್ಕು ಬಳೆಯ ಮೇಲೆ ನೆಟ್ಟಗೆ ಕೂತಿತ್ತು. ಒಳಗೆ ನೀರು. ಮರೆತೆನೇನೋ ಎಂದುಕೊಂಡು ಚೆಲ್ಲಿ, ಒರೆಸಿ, ಮತ್ತೆ ಕವುಚಿಟ್ಟಳು. ಮರುದಿನವೂ ಹಾಗೇ. ಕಿಟಕಿಗಳೆಲ್ಲ ಮುಚ್ಚಿದ್ದವು. ಬೀಗದ ಕೈ ಇದ್ದದ್ದು ಅವಳ ಹತ್ತಿರವೇ.

"ಹ್ವಾಯ್ ಮೇಡಂ, ಇದ್ ಒಣಗುದೇ ಇಲ್ಲ ಕಾಣಿ."

ಚೇತನಾ ನಗುತ್ತ ಆ ನೀರನ್ನು ಸ್ವಲ್ಪ ಟೆಸ್ಟ್ ಟ್ಯೂಬಿಗೆ ಬಗ್ಗಿಸಿ ಸಿಲ್ವರ್ ನೈಟ್ರೇಟ್ ಹನಿಸಿದರು. ನೀರು ಮೊಸರಿನ ಹಾಗೆ ಬೆಳ್ಳಗೆ ಒಡೆಯಿತು. ಅವರ ನಗು ನಿಂತಿತು.

"ಉಪ್ಪು ಜಲಜಕ್ಕ. ನಲ್ಲಿ ನೀರಿಗೆ ಇಷ್ಟ್ ಬಪ್ಪುದಿಲ್ಲ."

ಜಲಜಳಿಗೆ ಕಡಲು ನೆನಪಾಯಿತು. ಅವಳ ತಮ್ಮ ಅಕ್ಷಯ್ ಹೋದ ದೋಣಿ ಮಗುಚಿ ವರ್ಷಗಳೇ ಕಳೆದಿದ್ದವು. ಉಳಿದವರು ಈಜಿ ದಡ ಸೇರಿದರು. ಅವನ ಹೆಣವೂ ಬರಲಿಲ್ಲ. "ಅವ ಬತ್ತ" ಎನ್ನುತ್ತ ದಾರಿ ಕಾಯುತ್ತಿದ್ದ ಅಮ್ಮ ಉತ್ತರಕ್ರಿಯೆ ಮಾಡಲು ಬಿಟ್ಟಿರಲಿಲ್ಲ.

ಚೇತನಾ ಫ್ಲಾಸ್ಕನ್ನು ನಳಿಗೆಗೆ ಜೋಡಿಸಿ ಕುದಿಸಿದರು. ಆವಿ ತಣಿದು ಆಚೆ ಬದಿ ತಿಳಿನೀರು ತೊಟ್ಟಿಕ್ಕಿತು. ಈಚೆ ಉರುಟು ಗಾಜಿನೊಳಗೆ ಮಾತ್ರ ಗಂಟಲಲ್ಲಿ ನೀರು ಸಿಕ್ಕವರ ಸದ್ದು. ಕೊನೆಗೆ ತಳದಲ್ಲಿ ಉಳಿದದ್ದು ಬಿಳಿ ಉಪ್ಪು.

ಅದನ್ನು ಫಿಲ್ಟರ್ ಪೇಪರಿನಲ್ಲಿ ಕಟ್ಟಿಕೊಂಡು ಜಲಜ ಮನೆಗೆ ಹೋದಳು. ನಡೆದದ್ದನ್ನು ಹೇಳಿ ಅಮ್ಮನ ಅಂಗೈಗೆ ಸುರಿದಳು. ಅಮ್ಮ ಮೂಗಿನ ಹತ್ತಿರ ಹಿಡಿದು ಮೂಸಿದಳು. ಅಳಲಿಲ್ಲ.

"ಬಂದ ಅವ," ಎಂದಳು. "ಇನ್ನ್ ಕಳ್ಸುವ."

ಭಟ್ಟರನ್ನು ಕರೆಸಿ ಕಡಲ ದಡದಲ್ಲೇ ಕ್ರಿಯೆ ಮಾಡಿಸಿದರು. ಪಿಂಡಕ್ಕೆ ಕಾಗೆ ಕೂಡಲೇ ಬಂತು. ಉಪ್ಪನ್ನು ಅಮ್ಮ ತಾನೇ ಅಲೆಗೆ ಬಿಟ್ಟಳು.

ಆಮೇಲೆ ಫ್ಲಾಸ್ಕಿನಲ್ಲಿ ನೀರು ಕಾಣಲಿಲ್ಲ. ಚೇತನಾ ಲ್ಯಾಬಿನ ಚಾವಣಿ, ಪೈಪು ಎಲ್ಲ ಪರೀಕ್ಷೆ ಮಾಡಿಸಿದರು. ಎಲ್ಲೂ ಸೋರಿಕೆ ಇರಲಿಲ್ಲ.

ಕಾಲೇಜು ಶುರುವಾಗಿ ಮೊದಲ ಪ್ರಾಕ್ಟಿಕಲ್ ದಿನ, ಮೋಕ್ಷಿತಾ ಎಂಬ ವಿದ್ಯಾರ್ಥಿನಿ ಆ ಫ್ಲಾಸ್ಕನ್ನೇ ಎತ್ತಿ ತಮಾಷೆಗೆ ಕಿವಿಗಿಟ್ಟುಕೊಂಡಳು. ಮುಖ ಸಪ್ಪಗಾಯಿತು.

"ಅಕ್ಕ, ಇದ್ರೊಳ್ಗೆ ಯಾರೋ ಉಸ್ರ್ ಎಳ್ದಂಗೆ ಕೇಂತ್."

"ಗಾಳಿ ಮಗಾ, ಎಂತ ಅಲ್ಲ," ಎಂದ ಜಲಜ ಬೇರೊಂದು ಫ್ಲಾಸ್ಕು ಕೊಟ್ಟು, ಉರುಟು ಫ್ಲಾಸ್ಕನ್ನು ತಾನು ತೆಗೆದುಕೊಂಡು ಅದರ ಬಾಯಿಗೆ ಅಂಗೈ ಮುಚ್ಚಿದಳು. ಕಡಲ ವಾಸನೆಯ ತಂಪು ಗಾಳಿಯೊಂದು ಒಳಗಿನಿಂದ ಮೆಲ್ಲಗೆ ಕೈಗೆ ತಾಗಿತು.